ಬುಧವಾರದ ಗುರುತು

ಮೂವತ್ತೊಂದು ವರ್ಷ ಕೂತೇ ಇದ್ದೆ
ವಾಲ್ಪರೈಸೊದ ಗುಡ್ಡದ ಬುಡದಲ್ಲಿ,
ಹಗ್ಗಬಂಡಿಯ ಟಿಕೆಟ್ಟು ಕೊಡುವ ಗೂಡಿನಲ್ಲಿ.
ಒಂದೇ ಹಗ್ಗದ ಎರಡು ತುದಿಗೆ ಎರಡು ಮರದ ಪೆಟ್ಟಿಗೆ,
ಒಂದು ಏರಬೇಕಾದರೆ ಇನ್ನೊಂದು ಇಳಿಯಬೇಕು.
ನಾನು ಏರಲೂ ಇಲ್ಲ, ಇಳಿಯಲೂ ಇಲ್ಲ.
ಚಿಲ್ಲರೆ ಎಣಿಸೆಣಿಸಿ ಬೆರಳ ತುದಿಗೆ
ತಾಮ್ರದ ವಾಸನೆ ಹತ್ತಿತು.
ಕಿಂಡಿಯಲ್ಲಿ ಕಂಡದ್ದು ಕೈಗಳು, ಮುಖಗಳಲ್ಲ.
ಕೈ ನೋಡಿಯೇ ಹೇಳುತ್ತಿದ್ದೆ
ಯಾರ ಮನೆಯಲ್ಲಿ ಸಾವು, ಯಾರಿಗಿವತ್ತು ಸಂಬಳ.

ಕಡಲು ಬೆನ್ನ ಹಿಂದೆಯೇ ಇತ್ತು.
ಅಪ್ಪ ಮೀನಿನ ಧಕ್ಕೆಯಲ್ಲಿ ಐಸು ಹೊತ್ತವನು.
"ನೀರಿನ ಜೊತೆ ವ್ಯಾಪಾರ ಸಾಕು, ಸಲಿಗೆ ಬೇಡ" ಅನ್ನುತ್ತಿದ್ದ.
ಹಾಗೇ ಅರವತ್ತಾರು ವರ್ಷ
ಮೊಣಕಾಲು ದಾಟಿ ನೀರು ಹತ್ತದಂತೆ
ಬದುಕಿದೆ.

ಕೆಲಸ ಬಿಟ್ಟ ವರ್ಷ ಚರಾಂಗೊ ಕಲಿಯಹೋದೆ.
ಅದಕ್ಕೆ ಹತ್ತು ತಂತಿ, ನನಗೆ ಗಂಟುಬಿದ್ದ ಬೆರಳು.
ಪಕ್ಕದ ಮನೆಯ ಓಲ್ಗಾ ಗೋಡೆ ತಟ್ಟಿದಳು,
ತಾಳ ಹಾಕುತ್ತಿದ್ದಾಳೆ ಅಂದುಕೊಂಡಿದ್ದೆ.
ಆಮೇಲೆ ಜಲವರ್ಣ. ಬಂದರಿನ ದೋಣಿ ಬರೆದೆ.
ತಂಗಿ ಎಲ್ಸೀರಾ ಕನ್ನಡಕ ಏರಿಸಿ ನೋಡಿ
"ಬೂಟು ಚೆನ್ನಾಗಿದೆ" ಅಂದಳು.
ಅಡುಗೆಮನೆಯಲ್ಲಿ ತೂಗುಹಾಕಿದ್ದೇನೆ.
ಬರಬರುತ್ತ ನನಗೂ ಬೂಟೇ ಕಾಣುತ್ತದೆ,
ಒಳ್ಳೆಯ ಬೂಟು, ದಾರವೂ ಇದೆ.

ಈಜುಡುಗೆ ಕೊಳ್ಳಹೋದಾಗ ಅಂಗಡಿಯ ಹುಡುಗಿ
"ಮೊಮ್ಮಗಳಿಗಾ?" ಅಂದಳು. ಹೌದಂದೆ.
ಅಳತೆ ಕೇಳಿದಳು. ನನ್ನದೇ ಕೊಟ್ಟೆ.
ಅವಳು ತಲೆಯೆತ್ತದೆ ಮಡಚಿ ಕೊಟ್ಟಳು,
ದೇವರು ಅವಳನ್ನು ಚೆನ್ನಾಗಿಟ್ಟಿರಲಿ.

ಪುರಸಭೆಯ ಈಜುಕೊಳ, ಬುಧವಾರ, ಬೆಳಗಿನ ಎಂಟು.
ಕಲಿಸುವ ಯೆರ್ಕೊಗೆ ಇಪ್ಪತ್ತಾರು;
ನನ್ನ ಮೊಣಕಾಲು ನೋವಿನಷ್ಟೇ ಪ್ರಾಯ.
ನಾವು ಆರು ಜನ ಅಂಚಿಗೆ ಅಂಟಿ ನಿಂತಿದ್ದೇವೆ,
ಬಂಡೆಗೆ ಕಚ್ಚಿದ ಚಿಪ್ಪುಗಳು.
ಸುಂಕದ ಕಟ್ಟೆಯಲ್ಲಿ ದುಡಿದ ಕುಸ್ತೋದಿಯೊ
ನೀರಿಗಿಳಿಯುವ ಮುನ್ನ ಅದಕ್ಕೊಂದು ಸಲಾಮು ಹೊಡೆಯುತ್ತಾನೆ,
ತಡೆದು ನಿಲ್ಲಿಸೀತು ಅನ್ನುವವನ ಹಾಗೆ.

"ಬಿಡಿ, ಸೆನ್ಯೋರಾ ಎರ್ಮಿಂದಾ, ಬಿಟ್ಟುಬಿಡಿ" ಅನ್ನುತ್ತಾನೆ ಹುಡುಗ,
ನನ್ನ ಬೆನ್ನಡಿ ಅವನ ಎರಡು ಅಂಗೈ.
ಏನು ಬಿಡಲಿ ಮಗಾ, ಹಿಡಿದದ್ದಾದರೂ ಏನಿದೆ?
ಅವನು ಮಾತಾಡದೆ ನನ್ನ ಕೈ ತೋರಿಸಿದ.
ಮುಷ್ಟಿ ಎರಡೂ ಬಿಗಿದಿದ್ದವು,
ಒಳಗಿನ್ನೂ ಚಿಲ್ಲರೆ ಇದ್ದ ಹಾಗೆ.

ಅವತ್ತು ಆಗಲಿಲ್ಲ. ಮರುವಾರವೂ ಆಗಲಿಲ್ಲ.
ರಾತ್ರಿ ಹಾಸಿಗೆಯಲ್ಲಿ ಮಲಗಿ
ಒಂದೊಂದೇ ಬೆರಳು ಬಿಡಿಸುವುದನ್ನು ಕಲಿತೆ.

ಹನ್ನೊಂದನೆಯ ಬುಧವಾರ.
ಕಿವಿಗೆ ನೀರು ಬಂತು, ಸದ್ದೆಲ್ಲ ಹೋಯಿತು.
ಚಾವಣಿಯ ತಗಡು ಎಷ್ಟೋ ದೂರ.
ಉಸಿರೆಳೆದರೆ ಮೇಲೆ, ಬಿಟ್ಟರೆ ತುಸು ಕೆಳಗೆ,
ಯಾರೂ ಟಿಕೆಟ್ಟು ಕೇಳುತ್ತಿಲ್ಲ.
ಬೆನ್ನಡಿ ಅಂಗೈ ಯಾವಾಗ ಹೋಯಿತೋ!
ತಿಳಿದ ಕೂಡಲೇ ಮುಳುಗಿದೆ,
ಮೂಗಿನ ತುಂಬ ಕ್ಲೋರಿನ್ನು, ಕೆಮ್ಮು, ಕಣ್ಣೀರು,
ಕುಸ್ತೋದಿಯೊನ ಚಪ್ಪಾಳೆ.

ಮನೆಗೆ ಹೋಗುವಾಗ ರೊಟ್ಟಿಯಂಗಡಿಗೆ ಹೊಕ್ಕೆ,
ಕೂದಲ ಹನಿ ಕುತ್ತಿಗೆಗಿಳಿಯುತ್ತಿತ್ತು.
ಕಟ್ಟೆಯಲ್ಲಿ ಕೂತ ಪುಟ್ಟ ಹುಡುಗ ದಿಟ್ಟಿಸಿ ಕೇಳಿದ,
"ಅಜ್ಜೀ, ನಿನ್ನ ಕಣ್ಣ ಸುತ್ತ ಅದೇನು ಕೆಂಪು ಉಂಗುರ,
ಕಾಯಿಲೆಯಾ?"
ನಾಲ್ಕು ರೊಟ್ಟಿ ಕಟ್ಟಿಸಿಕೊಂಡು, ಚಿಲ್ಲರೆ ಎಣಿಸದೆ ಇಟ್ಟು,
"ಅಲ್ಲ ಕಂದಾ," ಅಂದೆ, "ಬುಧವಾರ."