ಹ ಬಿಟ್ಟ ಹೆಸರು

ಹಾಸನದ ಕೋರ್ಟಿನ ಕಾಂಪೌಂಡಿಗೆ ಬೆನ್ನು ಕೊಟ್ಟು ಕೂತ
ನನ್ನ ಪೆಟ್ಟಿಗೆ ಅಂಗಡಿಗೆ ಬೋರ್ಡಿಲ್ಲ.
ಅರ್ಜಿ, ಅಫಿಡವಿಟ್ಟು, ಜೆರಾಕ್ಸು,
ಈಚೆಗೊಂದು ಕಂಪ್ಯೂಟರು.
ಒಳಗೆ ಯಾರಿದ್ದಾರೆಂದು ಹೊರಗಿನವರಿಗೆ ಹುಡುಕಿಕೊಡುತ್ತೇನೆ.
ಏನು ಮಾಡಿ ಒಳಗೆ ಹೋದರೆಂದು ಕೇಳುವುದಿಲ್ಲ.
ಆ ಕಾಲಮ್ಮು ನನ್ನದಲ್ಲ.

ಸಾಕಾಜಮ್ಮ ಗಂಡಸಿ ಹ್ಯಾಂಡ್‌ಪೋಸ್ಟಿನ ಕಡೆಯವಳು,
ಮಂಡಿಯಲ್ಲಿ ಆಲೂಗಡ್ಡೆ ಆರಿಸುವವಳು,
ಉಗುರಿನ ಸಂದಿಯಲ್ಲಿ ಇನ್ನೂ ಮಣ್ಣು.
ಅಣ್ಣನನ್ನು ಹಿಡಿದುಕೊಂಡು ಹೋಗಿ ಹದಿನಾಲ್ಕು ತಿಂಗಳು.
ಎಲ್ಲಿಗೆಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಊರು ಹೇಳಿದರು.
ಮೂರಕ್ಕೂ ಹೋದಳು, ಬುತ್ತಿ ಕಟ್ಟಿಕೊಂಡು.
ಮೂರು ಗೇಟಿನ ಮುಂದೆಯೂ
ಬುತ್ತಿ ಬಿಚ್ಚಿ ತಾನೇ ಉಂಡಳು.

ಹೆಸರು ಬರೆದುಕೊಂಡೆ: ಹೂವಣ್ಣ, ತಂದೆ ದಿವಂಗತ ಕರಿಯಯ್ಯ.
ಎಚ್‌ನಿಂದ ಹುಡುಕಿದೆ.
ಓ ಎರಡು ಹಾಕಿ, ಯು ಒಂದು ಹಾಕಿ,
ಎನ್ ಒಂದು, ಎನ್ ಎರಡು, ಕೊನೆಗೆ ಅಪ್ಪನ ಹೆಸರಿನಿಂದ.
ದಾಖಲೆ ಕಂಡುಬಂದಿಲ್ಲ.
ದಾಖಲೆ ಕಂಡುಬಂದಿಲ್ಲ.

ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ
ಮಾಹಿತಿ ಹಕ್ಕಿನಲ್ಲಿ ಕೇಳಿದೆವು.
ಇಪ್ಪತ್ತೊಂಬತ್ತನೆಯ ದಿನ ಉತ್ತರ:
'ಕೋರಿದ ಮಾಹಿತಿ ಮೂರನೇ ವ್ಯಕ್ತಿಗೆ ಸಂಬಂಧಿಸಿದ್ದು.'
ಓದಿ ಹೇಳಿದೆ.
'ಮೂರ್ನೇನಲ್ಲ ಕಣಕ್ಕಾ, ಅವ್ನೇ ಮೊದಲ್ನೇನು.
ನಾನು ಎರಡ್ನೇಳು.
ಮೂರ್ನೇದು ಉಳೀಲಿಲ್ಲ.'

ದೇವಿಯೇ ವರ್ಷಕ್ಕೊಮ್ಮೆ ಬಾಗಿಲು ತೆರೆಯುವ ಊರು.
ಕಚೇರಿಯ ಕಿಟಕಿಗೆ ಏನೆಂದು ಬಯ್ಯಲಿ?

ಆಮೇಲೊಂದು ಶುಕ್ರವಾರ
ಗೇಟಿನ ಹತ್ತಿರ ಬುಟ್ಟಿ ಇಳಿಸಿ ಒಬ್ಬಳು ಕೂಗುತ್ತಿದ್ದಳು:
ಊವಾ... ಕಾಕಡ, ಮಲ್ಲಿಗೆ ಊವಾ...
ನನ್ನ ಬೆರಳು ಕೀಲಿಯ ಮೇಲೇ ನಿಂತಿತು.
ಹಾಸನವನ್ನು ಆಸನ ಎನ್ನುವ ಬಾಯಿಗಳ ನಡುವೆ
ಐವತ್ತು ವರ್ಷ ಬದುಕಿದವಳು ನಾನು!
ಸಾಕಾಜಮ್ಮ ಒಂದು ದಿನವೂ ಹೂವಣ್ಣ ಎಂದಿರಲಿಲ್ಲ.
ನನ್ನ ಓದಿದ ಕಿವಿ ತಿದ್ದಿ ಬರೆದುಕೊಂಡಿತ್ತು.
ಠಾಣೆಯ ರೈಟರ್ ತಿದ್ದಿರಲಿಲ್ಲ, ಅಷ್ಟೆ.
ಕೇಳಿದ ಹಾಗೆ ಬರೆದಿದ್ದ, ಪುಣ್ಯಾತ್ಮ.

ಯು ಒತ್ತಿದೆ.
ಊವಣ್ಣ. ವಯಸ್ಸು ಮೂವತ್ತೆಂಟು. ವಿಚಾರಣಾಧೀನ.
ಚಿಕ್ಕಮಗಳೂರು.
ಬೇಲೂರು ದಾಟಿದರೆ ಬಂತು,
ಬಸ್ಸು ಕೂಡ ಬದಲಿಸಬೇಕಿಲ್ಲ.

ಅವಳಿಗೆ ನಂಬಿಕೆ ಬರಲಿಲ್ಲ. ಇನ್ನ್ಯಾವನೋ ಊವಣ್ಣ ಇರಬಹುದು,
ಮುಂದಕ್ಕೆ ಓದಿ ಎಂದಳು.
ಓದಿದೆ. ದೇಹದ ಗುರುತು:
ಎಡಹುಬ್ಬಿನ ಮೇಲೆ ಒಂದಿಂಚು ಹಳೆಯ ಗಾಯದ ಕಲೆ.

ಎದ್ದು ನಿಂತಳು.
'ಅದು ನಾನೇ ಒಡೆದಿದ್ದು. ಚಿನ್ನಿಕೋಲು.
ಅವ್ವನಿಗೆ ಬಿದ್ದೆ ಅಂತ ಹೇಳ್ದ.
ಇವರತ್ರಾನೂ ನನ್ನೆಸರು ಹೇಳಿಲ್ಲ ನೋಡಿ.'

ಪರದೆಯ ಆ ಸಾಲಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿದಳು,
ಆವತ್ತಿನ ರಕ್ತ
ಈಗ ನಿಲ್ಲಿಸುವವಳ ಹಾಗೆ.
ನಾನು ಬೇರೆ ಕಡೆ ನೋಡಿದೆ.

ಭೇಟಿಯ ಅರ್ಜಿ ಟೈಪು ಮಾಡುವಾಗ ಮತ್ತೆ ಕೈ ತಡೆಯಿತು.
ಹ ಸೇರಿಸಿದರೆ ಹೆಸರು ಸರಿ, ಮನುಷ್ಯ ಸಿಗುವುದಿಲ್ಲ.
ನಲವತ್ತನೆಯ ವಯಸ್ಸಿಗೆ ಜೀವ ಸವೆಸಿದ ಕನ್ನಡಕ ಒರೆಸಿಕೊಂಡು,
ಕಾಗುಣಿತಕ್ಕೆ ಹೊಡೆಸಿಕೊಂಡ ಅಂಗೈಯನ್ನೇ ಊರಿ,
ತಪ್ಪಾಗಿ ಬರೆದೆ.
ನೂರಕ್ಕೆ ನೂರು ತಪ್ಪಾಗಿ.

ಪ್ರಿಂಟು, ಪುಟಕ್ಕೆ ಐದು ರೂಪಾಯಿ.
ಸೆರಗಿನ ಗಂಟು ಬಿಚ್ಚಿ ಎಣಿಸಿದಳು.
ಆ ಕಲೆಯ ಪುಟ ಎರಡು ತೆಗೀರಿ, ಎಂದಳು.
'ಒಂದು ಅವನಿಗೆ.
ಬರೆದವ್ರೆ ಅಂತ ಅವನಿಗೂ ಗೊತ್ತಾಗ್ಲಿ.'