ಬಂಡಿಯವಳ ಎರಡನೆಯ ಮಾತು

ನನ್ನನ್ನು ನೀವು ನೋಡಿರುವುದಿಲ್ಲ.
ನಕ್ಷೆಯ ಕೆಳಮೂಲೆಯಲ್ಲಿ, ಸೇತುವೆಗೂ ಈಚೆ,
ಎರಡು ಹೇಸರಗತ್ತೆ ಕಟ್ಟಿದ ಬಂಡಿಯೊಂದು ನಿಂತಿರುತ್ತದಲ್ಲ,
ಅದರ ಹಿಂದೆ ಇರುವವಳು, ಗ್ರೆಡಾ.
ಕತ್ತಿ ಬೇಕಾದವರಿಗೆ ಕತ್ತಿ, ಮದ್ದು ಬೇಕಾದವರಿಗೆ ಮದ್ದು.
ನನಗೆಂದು ಬರೆದಿಟ್ಟ ಮಾತು ಒಂದೇ:
"ಹುಷಾರಾಗಿ ಹೋಗಿ ಬನ್ನಿ, ದೊರೆ."
ಗಂಡಿಗೂ ದೊರೆ, ಹೆಣ್ಣಿಗೂ ದೊರೆ.
ಇಪ್ಪತ್ತಾರು ಯುದ್ಧ ಅದನ್ನೇ ಹೇಳಿದ್ದೇನೆ.
ಇದು ಎರಡನೆಯದು.

ಪ್ರತಿ ಕತ್ತಿಗೂ ಎಣಿಸಿಟ್ಟ ಏಟುಗಳಿವೆ.
ಕಬ್ಬಿಣದ್ದಕ್ಕೆ ನಲವತ್ತು, ಬೆಳ್ಳಿಯದಕ್ಕೆ ಇಪ್ಪತ್ತು;
ಮುಗಿದರೆ ಲಟಕ್ಕನೆ ಮುರಿಯುತ್ತದೆ, ಯಾರ ಕೈಯಲ್ಲಿದ್ದರೂ.
ಕತ್ತಿಗೆ ಮೇಲು ಕೀಳಿಲ್ಲ ಎಂದು ಅದಕ್ಕೇ ನಂಬಿದ್ದೆ,
ಉಪ್ಪಿನಗದ್ದೆಯ ಹುಡುಗ ಓಡ್ರಿಕ್ ಬೆಳ್ಳಿಯದನ್ನು ಎತ್ತಲು ಹೋಗಿ
ಅದು ಅವನ ಕೈಯಲ್ಲಿ ಬೂದಿಬಣ್ಣಕ್ಕೆ ತಿರುಗುವ ತನಕ.
"ನಿನ್ನ ವರ್ಗ ಯಾವುದು?" ಎಂದರು ಸೇನಾಪತಿ.
"ಈಟಿಯವನು, ಒಡೆಯ."
"ಮತ್ತೆ? ಈಟಿ ಹಿಡಿ."
ಅವನಪ್ಪನೂ ಈಟಿಯವನು. ಅಜ್ಜನೂ.
ಮೂವರಿಗೂ ಒಂದೇ ಮುಖ,
ಬರೆದವನಿಗೆ ಬೇಸರ ಬಂದಿರಬೇಕು.

ಬಿಳಿ ಗುಡಿಯಿಂದ ಬರುವ ದಂಡಗಳಲ್ಲಿ
ಪ್ರಾರ್ಥನೆ ತುಂಬಿರುತ್ತದೆ. ಅದಕ್ಕೂ ಎಣಿಕೆ.
ದೇವಿಯ ಕರುಣೆಗೆ ಕೊನೆಯಿಲ್ಲ ಅನ್ನುತ್ತಾಳೆ ಮಠದ ತಾಯಿ ಸೆವೆರಿನ್.
ನಾನು ಲೆಕ್ಕದವಳು. ಕೊನೆಯಿದೆ. ಬರೆದುಕೊಂಡಿದ್ದೇನೆ:
ಮಾಂಡಲಿಕನ ಮಗಳು ಲಿಯೋರಾಳ ಮೊಣಕೈ ತರಚಿದ್ದಕ್ಕೆ ಎರಡು,
ಅವಳ ಕುದುರೆಗೆ ಒಂದು,
ಉಳಿದದ್ದು ಏಳು.
ಓಡ್ರಿಕ್‌ನ ಹೊಟ್ಟೆಗೆ ಬಾಣ ಹೊಕ್ಕ ದಿನ
ಕೇಳಲು ನನಗೆ ಮಾತಿರಲಿಲ್ಲ;
ಕಡತ ತೆರೆದು ಆ ಏಳರ ಮೇಲೆ ಬೆರಳಿಟ್ಟೆ.
"ಅವು ಮುಂದೆ ಬೇಕಾಗುವವರಿಗೆ, ಮಗಳೇ,
ಇವನಿಗೆ ಸೊಪ್ಪಿನ ಮದ್ದು ಸಾಕು."
ಮೆತ್ತಗಿನ ದನಿ. ಕಣ್ಣಲ್ಲಿ ನೀರೂ ಇತ್ತು.

ಗುಡಿಯಲ್ಲಿ ದೇವಿ. ಅಡುಗೆ ಒಲೆಯ ಸುತ್ತ ಬೇರೆ ದೇವರು:
ಕೈ.
ಮೇಲಿಂದ ಬರುತ್ತದೆ, ಒಬ್ಬನ ನೆತ್ತಿಯ ಮೇಲೆ ನಿಂತು ಯೋಚಿಸುತ್ತದೆ,
ಆಮೇಲೆ ನೋಡಿದರೆ ಅವನು ಮೂರು ಚೌಕ ಮುಂದೆ ನಡೆದಿರುತ್ತಾನೆ,
ಯಾಕೆ ನಡೆದೆ ಅಂದರೆ ಅವನಿಗೂ ಗೊತ್ತಿಲ್ಲ.
"ದಡ್ಡ ಕೈ," ಅನ್ನುತ್ತಾನೆ ಮುದುಕ ಬಿಲ್ಲುಗಾರ ಹಾಮೊ,
"ಪಕ್ಕದಲ್ಲೇ ಕಾಡಿದ್ದರೂ ಬಯಲಲ್ಲಿ ನಿಲ್ಲಿಸುತ್ತದೆ."
ಅಡುಗೆಯವನು ಅವನ ಬಾಯಿಗೆ ಸೌಟು ಅಡ್ಡ ಹಿಡಿಯುತ್ತಾನೆ.
ಓಡ್ರಿಕ್ ಎರಡಕ್ಕೂ ಕೈಮುಗಿಯುತ್ತಾನೆ.
ಉಪ್ಪಿನವರು ಯಾವ ದೇವರನ್ನೂ ಎದುರು ಹಾಕಿಕೊಳ್ಳುವುದಿಲ್ಲ.

ಸತ್ತವರ ಆಯುಧ ತಾನಾಗಿ ನನ್ನ ಬಂಡಿಗೆ ಬರುತ್ತದೆ,
ಸಾವಿನ ಸುದ್ದಿ ಮೊದಲು ತಿಳಿಯುವುದು ಹಾಗಾಗಿ ನನಗೆ.
ಹಳ್ಳದ ಕದನದ ದಿನ ಓಡ್ರಿಕ್‌ನ ಈಟಿ ಬಂತು.
ಹನ್ನೊಂದು ಏಟು ಉಳಿದಿತ್ತು, ಹಿಡಿಯಲ್ಲಿ ಬೆವರಿನ ಬಿಳಿಗೆರೆ.
ಕೈ ಮುಂದಿನವನ ನೆತ್ತಿಗೆ ಸರಿಯಿತು.
ಅಷ್ಟೇ.

ಅದೇ ಸಂಜೆ ಲಿಯೋರಾಳ ಬೆಳ್ಳಿ ಕತ್ತಿಯೂ ಬಂತು.

ಕಡತಕ್ಕೆ ಏರಿಸುತ್ತಿದ್ದೆ, ಬೆಳಗಾಗಿತ್ತು.
ಅದೇ ಬೆಳಗು. ಅದೇ ಮಂಜು.
ಕತ್ತೆ ಅದೇ ಕಡೆಗೆ ಕಿವಿ ಒದರಿತು,
ಓಡ್ರಿಕ್ ಬಂದು "ಈಟಿ ಕೊಡಕ್ಕಾ" ಅಂದ.
ಯಾರಿಗೂ ಏನೂ ನೆನಪಿಲ್ಲ.
ನನ್ನ ಬೆರಳಿಗೆ ಮಾತ್ರ ಒಣಗದ ಮಸಿ.

ಯಾರ ಸಾವಿಗೆ ದಿನ ಹಿಂದಕ್ಕೆ ಬರುತ್ತದೆ,
ಯಾರದಕ್ಕೆ ಬರುವುದಿಲ್ಲ, ಅವತ್ತು ತಿಳಿಯಿತು.
ಹುಡುಗಿ ಕೆಟ್ಟವಳಲ್ಲ. ಒಮ್ಮೆ ನನ್ನ ಹೆಸರು ಕೇಳಿದ್ದಳು,
"ಹುಷಾರಾಗಿ ಹೋಗಿ ಬನ್ನಿ, ದೊರೆ" ಎಂದೆ.
ನಕ್ಕಳು.
ಆದರೂ ಈಗ ಪ್ರತಿ ಯುದ್ಧಕ್ಕೆ ಮೊದಲು
ಕತ್ತೆಯ ಕುತ್ತಿಗೆಗೆ ಹಣೆ ಒತ್ತಿ ಬೇಡಿಕೊಳ್ಳುತ್ತೇನೆ,
ದೇವಿಯನ್ನೋ, ಕೈಯನ್ನೋ, ಯಾರು ಕೇಳಿಸಿಕೊಂಡರೆ ಅವರನ್ನು:
ಓಡ್ರಿಕ್ ಬೀಳುವ ದಿನವೇ ಅವಳೂ ಬೀಳಲಿ.
ಆಮೇಲೆ ಅವಳ ಕತ್ತಿಯನ್ನು ಒರೆಸಿ ಕೊಡುತ್ತೇನೆ,
ಎರಡೂ ಅಂಚನ್ನು, ಸೆರಗಿನಿಂದ.
ಅದರಲ್ಲಿ ಮೋಸವಿಲ್ಲ.