ವಟ್ರಸುಳಿ

ಒದ್ದೆ ಕೂದಲು ಸುಳ್ಳು ಹೇಳುತ್ತದೆ.
ಎಳೆದರೆ ಭುಜದ ತನಕ ಬರುತ್ತದೆ,
ಇಲ್ಲೇ ಕತ್ತರಿಸು ಅನ್ನುತ್ತದೆ,
ಒಣಗಿದ ಮೇಲೆ ಕಿವಿಯ ಮೇಲೆ ಹತ್ತಿ ಕೂರುತ್ತದೆ.
ಹೋದ ವರ್ಷ ಹೀಗೇ ಮೋಸಹೋಗಿ
ಪ್ರಣಾಲಿ ಒಂದು ವಾರ ಸ್ಕಾರ್ಫ್ ಬಿಚ್ಚಲಿಲ್ಲ,
ನನ್ನ ಹತ್ತಿರ ಬಾಯಿಯನ್ನೂ.

ಆದ್ದರಿಂದ ಈ ಸಲ ಒಣ ತಲೆಗೇ ಕತ್ತರಿ.
ಹೊಸದು. ಬಲೆಯ ಕತ್ತರಿ ಅಲ್ಲ,
ಅದು ಉಪ್ಪು ತಿಂದು ತಿಂದು ಮೊಂಡಾಗಿದೆ
ನನ್ನ ಹಾಗೆ.

ಅವಳಮ್ಮ ಮಡಗಾಂವಿನ ಮೀನು ಫ್ಯಾಕ್ಟರಿಯಲ್ಲಿ,
ಭಾನುವಾರವೂ ಪಾಳಿ.
ಫೋನಿನಲ್ಲೇ ಹೇಳಿಕೊಟ್ಟಿದ್ದಾಳೆ:
ಹಿಂದಿನ ರಾತ್ರಿ ಎಣ್ಣೆ, ಬೆಳಿಗ್ಗೆ ಮತ್ತಿಸೊಪ್ಪಿನ ಲೋಳೆ,
ಕೊನೆಗೆ ಕುಚ್ಚಲಕ್ಕಿ ಗಂಜಿಯ ತಿಳಿ.
"ಟವೆಲಿನಲ್ಲಿ ಉಜ್ಜಬೇಡಿ, ಅದು ಬೋಗುಣಿಯಲ್ಲ,
ನಿಮ್ಮ ಹಳೆ ಬನಿಯನ್ನಿನಲ್ಲಿ ಒತ್ತಿ."
ಒತ್ತಿದೆ.
ಡೀಸೆಲ್ ವಾಸನೆ ಅಂದಳು ಮಗಳು.
ಬೇರೆ ಬನಿಯನ್ನು ಹುಡುಕಿದೆ. ಅದಕ್ಕೂ ಅದೇ.

ಬೈತಖೋಲದ ಗಾಳಿ ಹನ್ನೊಂದಕ್ಕೆಲ್ಲ ಏಳುತ್ತದೆ,
ಅಷ್ಟರೊಳಗೆ ಮುಗಿಸಬೇಕು.
ತಡವಾದರೆ ಒಂದೊಂದೇ ಎಳೆಯನ್ನು ಎಬ್ಬಿಸಿ
ತಲೆಯನ್ನು ಕತ್ತದ ಉಂಡೆ ಮಾಡಿಬಿಡುತ್ತದೆ.

ಮೀನಿನ ಪೆಟ್ಟಿಗೆ ಬೋರಲು ಹಾಕಿ ಕೂರಿಸಿದೆ.
ಗಂಟು ಬಿಡಿಸುವುದನ್ನು ಯಾರೂ ನನಗೆ ಕಲಿಸಬೇಕಾಗಿಲ್ಲ.
ಬುಡದಿಂದ ಎಳೆದವ ಬಲೆಯನ್ನೂ ಹರಿದ, ದಿನವನ್ನೂ ಹರಿದ;
ತುದಿಯಿಂದ ಹೊರಟು, ಬೆರಳಷ್ಟು ಬಿಡಿಸಿ,
ಇನ್ನೊಂದು ಬೆರಳು ಮೇಲೆ ಹೋಗಬೇಕು.
"ನೋವಾಯ್ತಾ?"
"ಇಲ್ಲ."
"ಈಗ?"
"ಅಪ್ಪಾ, ನೋವಾದ್ರೆ ನಾನೇ ಕಿರುಚ್ತೇನೆ, ನೀ ಸುಮ್ನಿರು."

ಈ ಕೂದಲು ನನ್ನ ಆಯಿಯದು.
ನನ್ನನ್ನು ಹಾರಿ ಇವಳ ತಲೆಗೆ ಇಳಿದದ್ದು.
ನನ್ನದು ಬಿಡಿ, ಇಳಿತದ ದಂಡೆ.
ಕೋಡಿಬಾಗದ ಓಣಿ ಓಣಿ ಮೀನು ಹೊತ್ತ ಆಯಿ
ಬುಟ್ಟಿಯ ಕೆಳಗೆ ಸಿಂಬಿ ಇಡುತ್ತಿರಲಿಲ್ಲ.
"ದೇವರೇ ಹೆಣೆದು ಕಳಿಸಿದ್ದಾನೆ" ಅನ್ನುತ್ತಿದ್ದಳು.
ಅವಳಿಗೆ ಅದು ಬುಟ್ಟಿ ಜಾರದ ಅನುಕೂಲ.
ಇವಳಿಗೆ ಎಂಟನೇ ಕ್ಲಾಸಿನ ಕೊನೆಯ ಬೆಂಚು,
ಗ್ರೂಪ್ ಫೋಟೋದಲ್ಲಿ ಹಿಂದಿನವರು ಕಾಣುವುದಿಲ್ಲವೆಂಬ ದೂರು,
ಕಾಜುಬಾಗದ ಪಾರ್ಲರಿನಲ್ಲಿ ನೇರ ಮಾಡಿಸಲು
ಮೂರೂವರೆ ಸಾವಿರವೆಂಬ ಲೆಕ್ಕ.
ಬೇಡ ಅನ್ನಲಿಲ್ಲ ನಾನು. ದುಡ್ಡಿಲ್ಲ ಅಂದೆ.
ಎರಡೂ ಒಂದೇ ಅಲ್ಲ, ಅವಳಿಗೂ ಗೊತ್ತು.

ಒಂದು ಸುರುಳಿ ಹಿಡಿ, ಎಳೆಯಬೇಡ.
ತುದಿ ಎಲ್ಲಿ ಸೀಳಿ ಬಿಳಿಚಿಕೊಂಡಿದೆಯೋ
ಅಲ್ಲಿಂದ ಮೇಲೆ ಅರ್ಧ ಬೆರಳು.
ಕಚಕ್.
ಬಿಡು. ಹಾರಿ ತನ್ನ ಜಾಗ ತಾನೇ ಹುಡುಕಿಕೊಳ್ಳಲಿ.
ಮುಂದಿನದು.
ನೆತ್ತಿಯಲ್ಲಿ ಎರಡು ಸುಳಿ.
ಎರಡು ಸುಳಿಯವರಿಗೆ ಎರಡು ಮದುವೆಯಂತೆ,
ಹೇಳಲಿಲ್ಲ, ಅವಳ ಕೈಗೆ ಬಾಚಣಿಗೆ ಸಿಗುವಂತಿತ್ತು.
ಕಾಳಿ ಸಮುದ್ರ ಸೇರುವಲ್ಲಿ ಇಂಥದೇ ಸುಳಿ,
ಅಲ್ಲಿ ನೀರಿನೊಡನೆ ಜಗಳ ಆಡಿದವನ ದೋಣಿ
ಗಿರಗಿರ ತಿರುಗುತ್ತದೆ.

ಕೆಳಗೆ ಹಾಸಿದ ಪೇಪರಿನ ಮೇಲೆ ಬಿದ್ದವು
ಕೊಂಬು, ಕೊಂಬಿನಿಳಿ, ಒಂದು ಅರ್ಕಾವತ್ತು,
ನಾಲ್ಕನೇ ಇಯತ್ತೆಯಲ್ಲಿ ನಾನು ಬಿಟ್ಟುಬಂದ
ಅಕ್ಷರದ ಚೂರುಗಳೆಲ್ಲ.
"ಅದು ಯಾವ್ದು, ಹೇಳು?" ಕಾಲಬೆರಳಲ್ಲಿ ತೋರಿಸಿದಳು.
"ಒತ್ತು?"
"ವಟ್ರಸುಳಿ. ಗೃಹದಲ್ಲಿ ಬರ್ತದೆ. ತೃಪ್ತಿಯಲ್ಲಿ."
ಹೆಸರಲ್ಲೇ ಸುಳಿಯಿರುವ ಗುರುತೊಂದಿದೆಯೆಂದು
ನಲವತ್ತಾರು ವರ್ಷ ನನಗೆ ಗೊತ್ತಿರಲಿಲ್ಲ.

ಕನ್ನಡಿ ಕೊಟ್ಟೆ. ಎಡಕ್ಕೆ ತಿರುಗಿದಳು, ಬಲಕ್ಕೆ ತಿರುಗಿದಳು.
ಎಡಗಡೆ ಸ್ವಲ್ಪ ಗಿಡ್ಡ. ಇಬ್ಬರಿಗೂ ಕಂಡಿತು.
"ಈ ಕಡೆ ಕ್ಲಿಪ್ ಹಾಕ್ತೇನೆ" ಅಂದಳು, ಅಷ್ಟೇ.
ಅಷ್ಟರಲ್ಲಿ ಗಾಳಿ ಎದ್ದಿತು,
ಪೇಪರು ಮಡಚುವ ಮೊದಲೇ ಅರ್ಧ ಕಾಗುಣಿತ
ಬೇಲಿ ದಾಟಿತು.

ಮಧ್ಯಾಹ್ನ ಬಲೆಗೆ ಕೂತಾಗ
ಬೆರಳಿಗೆ ಅಂಟಿಕೊಂಡೇ ಬಂದ ಒಂದು ಎಳೆ
ನೈಲಾನ್ ದಾರದ ಜೊತೆ ಗಂಟಿನೊಳಗೆ ಹೋಯಿತು.
ಬಿಡಿಸಬಹುದಿತ್ತು. ಬಿಡಿಸಲಿಲ್ಲ.
ಸಂಜೆ ಬೋಟು ಹೊರಟಿತು.
ದೇವಗಡದ ದೀಪದ ಆಚೆ
ಈಗ ಅದು ನೀರಿನಲ್ಲಿರಬೇಕು,
ಒದ್ದೆಯಾಗಿ, ನೇರವಾಗಿ,
ಸುಳ್ಳು ಹೇಳುತ್ತಾ.